ಬೆಂಕಿ ಕಾಣದ ತೋಟ

ಬಂಗಾರೆವ್ವ ಸೆರಗಿನ ತುದಿಯನ್ನು ಬಾಟಲಿ ನೀರಿನಲ್ಲಿ ಅದ್ದಿ ಅದ್ದಿ ಗಂಡನ ತುಟಿ ಒರೆಸುತ್ತಿದ್ದಳು. ಒಂದೇ ಸಲಕ್ಕೆ ಬಿಡುವ ಬಣ್ಣವಲ್ಲ ಅದು. ಒರೆಸಿದಷ್ಟೂ ಕೆಂಪು ಗಲ್ಲಕ್ಕೆ ಹರಡುತ್ತಿತ್ತು.

"ಜೀವಮಾನದಾಗ ಎಲಿ-ಅಡಿಕಿ ಹಾಕಿ ಒಂದಿನ ತುಟಿ ಕೆಂಪ ಮಾಡ್ಕೊಂಡವರಲ್ಲ," ಅಂದಳು. "ಇವರಿಗೆ ಲಿಪ್‌ಸ್ಟಿಕ್ ಹಚ್ಚಂತ ಯಾರ್ ಹೇಳಿದ್ರು?"

"ಅವ್ವಾ, ಪ್ಲೀಸ್. ದೆ ಡು ಇಟ್ ಫಾರ್ ಎವ್ರಿಬಡಿ," ಎಂದು ಮಗಳು ಉಮಾಶ್ರೀ ಪಿಸುಗುಟ್ಟಿದಳು. ವಾಲ್ನಟ್ ಕ್ರೀಕಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಹುಡುಗಿ. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಹೆಣವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು, ಅದೂ ಅಪ್ಪನದು.

ಹೇವರ್ಡಿನ ಆ ಫ್ಯೂನರಲ್ ಹೋಮಿನಲ್ಲಿ ಎಲ್ಲವೂ ಮೆತ್ತಗಿತ್ತು. ಕಾಲ ಕೆಳಗೆ ಮೆತ್ತನೆಯ ಕಾರ್ಪೆಟ್ಟು, ಗೋಡೆಯೊಳಗಿಂದ ಬರುವ ಮೆತ್ತನೆಯ ಪಿಯಾನೊ, ಕರಿಸೂಟಿನ ಮ್ಯಾನೇಜರನ ಮೆತ್ತನೆಯ ಮಾತು. ಬಾಯಿಬಿಟ್ಟು ಅಳುವುದಕ್ಕೂ ನಾಚಿಕೆಯಾಗುವಂಥ ಜಾಗ. ಹೊರಗಿನ ಹಾಲಿನಲ್ಲಿ ಕನ್ನಡ ಕೂಟದವರು ಸಾಲಾಗಿ ಕೂತಿದ್ದರು. ಗುರುಶಾಂತಪ್ಪನನ್ನು ಬೆನ್ನ ಹಿಂದೆ 'ಹುಲ್ಲಪ್ಪ' ಎಂದು ಕರೆದು ನಕ್ಕವರೇ ಹೆಚ್ಚು. ಸುನೋಲ್ ಗುಡ್ಡದ ಅವನ ಆಲಿವ್ ತೋಟಕ್ಕೆ ಪಿಕ್‌ನಿಕ್ಕಿಗೆಂದು ಬಂದು, ಮರದ ಬುಡದಲ್ಲಿ ಸೊಂಟದವರೆಗೆ ಬೆಳೆದ ಕಾಡುಸಾಸಿವೆ ನೋಡಿ, 'ಇದಕ್ಕೆ ಒಂದು ರೌಂಡು ಔಷಧಿ ಹೊಡೆಸಬಾರದೇ' ಎಂದು ಬುದ್ಧಿ ಹೇಳಿ ಹೋದವರು. ಅವರೇ ಈಗ ಪ್ಲಾಸ್ಟಿಕ್ಕು ಸುತ್ತಿದ ಹೂಗುಚ್ಛವನ್ನು ತೊಡೆಯ ಮೇಲಿಟ್ಟುಕೊಂಡು, ಎಂಥಾ ಮನುಷ್ಯ, ಎಂಥಾ ಮನುಷ್ಯ ಎನ್ನುತ್ತಿದ್ದರು. ಬಂಗಾರೆವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮುಖ ಒರೆಸಿ ಮುಗಿಸಿ ಗಂಡನ ಎಡಗೈ ಎತ್ತಿಕೊಂಡಳು. ಅಂಗೈ ತಿರುಗಿಸಿ ನೋಡಿದಳು. ಕಿರುಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸುಟ್ಟ ಗಾಯದ ಕಲೆಯಿರಬೇಕಿತ್ತು ಅಲ್ಲಿ. ಚಳಿಗಾಲ ಬಂದರೆ ಬಿರಿಯುತ್ತಿದ್ದ ಆ ಸುಕ್ಕುಚರ್ಮಕ್ಕೆ ಅವಳು ವರ್ಷವರ್ಷವೂ ಎಣ್ಣೆ ತಿಕ್ಕಿದ್ದಳು. ಈಗ ಅದರ ಮೇಲೆ ದಪ್ಪಗೆ ಕ್ರೀಮು ಬಳಿದು ಕೂಸಿನ ಅಂಗೈಯಂತೆ ನುಣ್ಣಗೆ ಮಾಡಿಟ್ಟಿದ್ದರು.

"ಇದನ್ನೂ ಮುಚ್ಚಿದ್ರಾ?" ಎಂದಳು. ಉಗುರಿನಿಂದ ಕೆರೆದು ಕೆರೆದು ಕ್ರೀಮು ತೆಗೆದಳು. ಕಲೆ ಹೊರಗೆ ಬಂದ ಮೇಲೆಯೇ ಅದು ತನ್ನ ಗಂಡನ ಕೈ ಅನ್ನಿಸಿದ್ದು.

"ಇವರ ಲಿಂಗ ಎಲ್ಲೈತಿ?"

ಕೊರಳಲ್ಲಿದ್ದ ಇಷ್ಟಲಿಂಗವನ್ನು ಬಿಚ್ಚಿ, ವಾಚು ಕನ್ನಡಕಗಳ ಜೊತೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಉಮಾಶ್ರೀಯ ಕೈಗೆ ಕೊಟ್ಟಿದ್ದರು. ಬಂಗಾರೆವ್ವ ಚೀಲಕ್ಕೆ ಕೈಹಾಕಿ ಲಿಂಗ ತೆಗೆದು, ಗಂಡನ ಎಡಗೈಯೊಳಗಿಟ್ಟು ಬೆರಳು ಮಡಚಿದಳು. ಮ್ಯಾನೇಜರ ಒಂದು ಹೆಜ್ಜೆ ಮುಂದೆ ಬಂದು ಉಮಾಶ್ರೀಯ ಕಿವಿಯ ಹತ್ತಿರ ಏನೋ ಹೇಳಿದ.

"ಅವ್ವಾ, ಅದನ್ನ ಅಲ್ಲಿ ಇಡೋ ಹಾಗಿಲ್ವಂತೆ. ಸ್ಟೋನು, ಮೆಟಲ್ಲು ಯಾವುದೂ ಮಶೀನಲ್ಲಿ ಹಾಕಬಾರದಂತೆ."

"ಯಾವ ಮಶೀನು?"

ಉಮಾಶ್ರೀ ಮ್ಯಾನೇಜರನ ಕಡೆ ನೋಡಿದಳು.

"ಯಾವ ಮಶೀನು? ಕುಣಿ ಎಲ್ಲಿ ತೋಡ್ಯಾರ?" ಬಂಗಾರೆವ್ವನ ದನಿ ಕಾರ್ಪೆಟ್ಟು, ಪಿಯಾನೊ ಎಲ್ಲವನ್ನೂ ದಾಟಿ ಹಾಲಿನವರೆಗೆ ಹೋಯಿತು. "ಇವರನ್ನ ಮಣ್ಣು ಮಾಡೂ ಜಾಗ ಎಲ್ಲಿ?"

ವೆಂಕಟೇಶ್ ಓಡಿಬಂದ. ಕ್ಯಾಂಪ್‌ಬೆಲ್‌ನವನು, ಕೂಟದ ಹಳೆಯ ಸೆಕ್ರೆಟರಿ. ಬೇ ಏರಿಯಾದ ಕನ್ನಡಿಗರಲ್ಲಿ ಯಾರೇ ಸತ್ತರೂ ಮೊದಲ ಫೋನು ಹೋಗುವುದು ಅವನಿಗೆ. ಪಾಪದವನು, ಆದರೆ ಎಲ್ಲ ಬೀಗಕ್ಕೂ ಒಂದೇ ಕೀಲಿ ತಿರುಗಿಸುವ ಪೈಕಿ.

"ಅಮ್ಮಾ, ನೀವೇ ಹೇಳಿದ್ರಲ್ಲ, ನಮ್ಮ ಪದ್ಧತಿ ಪ್ರಕಾರ ಆಗ್ಲಿ ಅಂತ? ಅದಕ್ಕೇ ಹಿಂದೂ ಪ್ಯಾಕೇಜು ಬುಕ್ ಮಾಡ್ದೆ. ಎರಡು ಗಂಟೆಗೆ ಸ್ಲಾಟು. ಪುರೋಹಿತರು ಆಗ್ಲೇ ಫ್ರೀವೇ ಮೇಲಿದಾರೆ."

"ಸುಡೂದು ಯಾರ ಪದ್ಧತಿ ವೆಂಕಟೇಶ?"

ವೆಂಕಟೇಶನ ಮುಖದಲ್ಲಿ ನಿಧಾನಕ್ಕೆ ಬೆಳಕು ಹರಿಯಿತು. "ಅಯ್ಯೋ... ಹೌದಲ್ವಾ. ನೀವು ಲಿಂಗಾಯತರು. ಊರಲ್ಲಿ ನೋಡಿದೀನಮ್ಮ, ಕೂರ್ಸಿ ಹೂಳ್ತಾರೆ. ಇಲ್ಲಿ ಹೊಳೀಲೇ ಇಲ್ಲ. ಇಲ್ಲಿ ಎಲ್ರಿಗೂ ಇದೇ ಮಾಡೋದು."

ಪ್ರತಿ ಸಂಕ್ರಾಂತಿಗೆ ಅವಳ ಮನೆಯಲ್ಲಿ ಸಜ್ಜೆರೊಟ್ಟಿ, ಎಣ್ಣೆಗಾಯಿ ಚಪ್ಪರಿಸಿದವನಿಗೆ ಇದೊಂದು ಹೊಳೆಯಲಿಲ್ಲ. ತಪ್ಪು ಅವನೊಬ್ಬನದೇ ಎನ್ನಲೂ ಆಗದು. 'ನಮ್ಮ ಪದ್ಧತಿ' ಅಂದರೆ ಸಾಕು, ಕೇಳಿದವರಿಗೆಲ್ಲ ತಿಳಿಯುತ್ತದೆ ಎಂದು ನಂಬಿದವಳು ಅವಳೇ. ಊರಿನಲ್ಲಿ ಆ ಒಂದು ಮಾತು ಸಾಕಾಗುತ್ತಿತ್ತು. ಊರು ಬಿಟ್ಟು ಇಷ್ಟು ದೂರ ಬಂದ ಮೇಲೂ ಅದೇ ಸಾಕು ಅಂದುಕೊಂಡಿದ್ದಳು.

*

ಆ ಕಲೆ ಬಿದ್ದದ್ದು ಅವರು ತೋಟ ಹಿಡಿದ ಮೊದಲ ವಸಂತದಲ್ಲಿ.

ಅದಕ್ಕೂ ಮೊದಲು ಗುರುಶಾಂತಪ್ಪ ಕಣಿವೆಯ ಒಂದು ಕಂಪ್ಯೂಟರ್ ಚಿಪ್ಪಿನ ಕಾರ್ಖಾನೆಯಲ್ಲಿದ್ದ. ಚಿಪ್ಪು ತೊಳೆಯುವ ರಸಾಯನಗಳ ವಿಭಾಗ. ತೊಳೆದ ನೀರು ನೆಲದೊಳಗಿನ ಟ್ಯಾಂಕಿಗೆ, ಟ್ಯಾಂಕು ಸೋರಿ ಮಣ್ಣಿಗೆ, ಮಣ್ಣಿನಿಂದ ಬಾವಿಗೆ. ಸುತ್ತಲಿನ ಮನೆಗಳ ನಲ್ಲಿಯಲ್ಲಿ ಆ ನೀರೇ ಬರುತ್ತದೆ ಎಂದು ಪೇಪರಿನಲ್ಲಿ ಬಂದ ದಿನ ಅವನು ಊಟ ಮಾಡಲಿಲ್ಲ. ಕಂಪನಿಯವರು ಎಲ್ಲ ಸರಿಮಾಡುತ್ತೇವೆ ಎಂದರು. ಅವನು ರಾಜೀನಾಮೆ ಕೊಟ್ಟು ಬಂದ.

"ಮಣ್ಣಿಗೆ ವಿಷಾ ಹಾಕಿದ್ದು ನನ್ನ ಕೈಲೇ ಆಗೇತಿ, ಬಂಗಾರಿ. ಯಾರರ ಹೇಳಿದ್ರು ಅಂತ ಹಾಕಿದ್ನಿ, ಖರೆ. ಆದ್ರ ಕೈ ನಂದ."

ಸುನೋಲ್ ಗುಡ್ಡದ ಮಡಿಲಲ್ಲಿ ಯಾರೋ ಅಜ್ಜನ ಕಾಲದಲ್ಲಿ ನೆಟ್ಟು ಬಿಟ್ಟುಹೋದ ಆಲಿವ್ ಮರಗಳಿದ್ದವು. ಅದನ್ನೇ ಗುತ್ತಿಗೆಗೆ ಹಿಡಿದ. ಬಂಗಾರೆವ್ವ ಒಂದು ಕಾಯಿ ಕಿತ್ತು ಕಚ್ಚಿ ತೂ ಎಂದು ಉಗುಳಿದಳು. ಬೇವಿನಕಾಯಿಗಿಂತ ಕಹಿ. ಇದನ್ನು ನಂಬಿ ಸಂಬಳ ಬಿಟ್ಟುಬಂದನಲ್ಲ ಎಂದು ಆ ದಿನವೆಲ್ಲ ಗಂಡನೊಡನೆ ಮಾತಾಡಲಿಲ್ಲ. ಆಮೇಲೆ ಅದೇ ಕಾಯನ್ನು ವಾರಗಟ್ಟಲೆ ಉಪ್ಪುನೀರಿನಲ್ಲಿ ನೆನೆಹಾಕಿ, ಸಾಸಿವೆಪುಡಿ, ಬ್ಯಾಡಗಿ ಖಾರ ಕಲಸಿ ಉಪ್ಪಿನಕಾಯಿ ಮಾಡಿದವಳೂ ಅವಳೇ.

ಮೊದಲ ವಸಂತದಲ್ಲಿ ಮರ ಸವರಿದರು. ಸವರಿದ ಟೊಂಗೆಗಳನ್ನು ಗುಡ್ಡೆ ಹಾಕಿ ಬೆಂಕಿ ಇಡುವುದು ಆ ಕಡೆಯ ರೂಢಿ. ಕೂಲಿಗೆ ಬಂದವರು ಯಾರನ್ನೂ ಕೇಳದೆ ಕಡ್ಡಿ ಗೀರಿದರು. ಹೊಗೆ ಏಳುತ್ತಿದ್ದಂತೆ ಗುಡ್ಡೆಯ ಕೆಳಗೆ ಏನೋ ಕದಲಿತು. ಲಾವಕ್ಕಿ. ನೆಲದಲ್ಲಿ ಗೂಡು ಮಾಡಿ ಮೊಟ್ಟೆಗೆ ಕೂತಿತ್ತು. ಬೆಂಕಿ ಹತ್ತಿರ ಬಂದರೂ ಅದು ಏಳಲಿಲ್ಲ. ಗುರುಶಾಂತಪ್ಪ ಉರಿಯೊಳಗೆ ಕೈಹಾಕಿದ. ಹಕ್ಕಿ ಉಳಿಯಲಿಲ್ಲ, ಮೊಟ್ಟೆಯೂ ಉಳಿಯಲಿಲ್ಲ. ಅವನ ಅಂಗೈ ಮಾತ್ರ ಸುಟ್ಟಿತು.

ಅವತ್ತಿನಿಂದ ತೋಟದಲ್ಲಿ ಬೆಂಕಿ ಇಲ್ಲ. ಸವರಿದ ಟೊಂಗೆಯನ್ನು ಸಾಲಿನ ನಡುವೆ ಗುಡ್ಡೆಹಾಕಿ ಹಾಗೇ ಬಿಡುವುದು. ಅದರೊಳಗೆ ಹಲ್ಲಿ, ಓತಿಕ್ಯಾತ, ಲಾವಕ್ಕಿ ಸಂಸಾರ ಹೂಡುತ್ತವೆ. ಕೊಳೆತಷ್ಟು ಕೊಳೆತು ಮಣ್ಣಾಗುತ್ತದೆ. ಮರದ ಬುಡದ ಹುಲ್ಲನ್ನು ಕೀಳುವುದಿಲ್ಲ, ಯೂನಿಯನ್ ಸಿಟಿಯಲ್ಲಿ ಹಲಾಲ್ ಅಂಗಡಿ ಇಟ್ಟ ವಿಜಾಪುರದ ಜಬ್ಬಾರ್ ತನ್ನ ಕುರಿ ತಂದು ಬಿಡುತ್ತಾನೆ. ಕುರಿ ಮೇಯುತ್ತವೆ, ಗೊಬ್ಬರ ಹಾಕಿ ಹೋಗುತ್ತವೆ. ಇಲಿ ಹೆಚ್ಚಾದರೆ ಗೂಬೆಗೆ ಕಂಬದ ಮೇಲೆ ಪೆಟ್ಟಿಗೆಮನೆ. ಬೀಡಿ ಸೇದುವ ಚಟವಿದ್ದ ಜಬ್ಬಾರ್ ಕೂಡ ಗೇಟಿನ ಹೊರಗೆ ನಿಂತು ಸೇದಿ ಒಳಗೆ ಬರಬೇಕು.

"ಸಾಹೇಬ, ನಿಮ್ಮ ತ್ವಾಟ ನಮ್ಮ ಮಸೀದಿಗಿಂತ ಸ್ಟ್ರಿಕ್ಟ್ ಐತ್ರಿ," ಎಂದು ಅವನು ನಗುತ್ತಿದ್ದ.

*

ಹಾಲಿನಲ್ಲಿ ಕೂತವರು ಒಬ್ಬೊಬ್ಬರಾಗಿ ಎದ್ದು ಬಾಗಿಲಲ್ಲಿ ನಿಂತಿದ್ದರು. ಅವರನ್ನು ಸರಿಸಿಕೊಂಡು ಆಕಾಶ ಒಳಗೆ ಬಂದ. ಗುರುಶಾಂತಪ್ಪನ ಅಣ್ಣನ ಮಗ, ಈಗ ತೋಟದ ಮಾಲೀಕ. ಕರಿ ಕೋಟು, ಒಂದು ಕೈಯಲ್ಲಿ ಸೆಲ್‌ಫೋನು. ಅದರೊಳಗೆ ಯಾರಿಗೋ, "ಯಾ, ಟುಡೇ ಈಸ್ ಫೈನ್. ಜಸ್ಟ್ ಫಿನಿಶ್ ಇಟ್ ಟುಡೇ," ಎಂದು ಹೇಳಿ ಮುಚ್ಚಿದ. ಈ ಹೊತ್ತಿನಲ್ಲೂ ಆಫೀಸೇ ಎಂದುಕೊಂಡಳು ಬಂಗಾರೆವ್ವ.

"ಚಿಕ್ಕಮ್ಮ, ಏನು ಪ್ರಾಬ್ಲಮ್ಮು?"

"ನಿಮ್ಮ ಕಾಕಾನ್ನ ಸುಡಂಗಿಲ್ಲ."

ಆಕಾಶ ಮೊಣಕಾಲೂರಿ ಅವಳ ಎದುರು ಕೂತ. ಹಾಗೆ ಕೂರುವುದನ್ನು ಎಲ್ಲೋ ಕಲಿತಿದ್ದ. "ಕೇಳಿ ಚಿಕ್ಕಮ್ಮ. ನಂಗೆ ಗೊತ್ತು, ನೀವು ಅಪ್‌ಸೆಟ್ ಆಗಿದೀರಿ. ಆದ್ರೆ ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡಿ. ತೋಟದಲ್ಲಿ ಹೂಳೋಕೆ ಕೌಂಟಿ ಬಿಡಲ್ಲ. ಹೂಳಿದ್ರೆ ಕಾಕಾ ಇನ್ನೆಲ್ಲೋ, ಯಾರ್ಯಾರ ಮಧ್ಯೆಯೋ ಇರ್ತಾರೆ. ಅದೇ ಕ್ರಿಮೇಶನ್ ಆದ್ರೆ ಆ ಬೂದಿ ತಂದು ಅವರ ಮರಗಳಿಗೇ ಹಾಕ್ಬಹುದು. ಹಿ ವಿಲ್ ಬಿ ಹೋಮ್."

ಇದು ಬಂಗಾರೆವ್ವನಿಗೆ ಹೊಳೆದಿರಲಿಲ್ಲ. ತೋಟದಲ್ಲೇ ಹೂಳುತ್ತಾರೆಂದು ಮೂರು ದಿನದಿಂದ ಮನಸ್ಸಿನಲ್ಲೇ ಜಾಗ ಗೊತ್ತುಮಾಡಿಕೊಂಡಿದ್ದಳು. ಗೂಬೆಪೆಟ್ಟಿಗೆಯ ಕೆಳಗೆ, ಇಬ್ಬರೂ ಸಂಜೆ ಚಹಾ ಕುಡಿಯಲು ಕೂರುತ್ತಿದ್ದ ಮರದ ಬಲಕ್ಕೆ. ಅಲ್ಲಿ ಆಗುವುದಿಲ್ಲವಂತೆ. ಆ ಮರದ ಬುಡಕ್ಕೆ ಅವನು ಹೋಗಬೇಕಾದರೆ ಬೂದಿಯಾಗಿಯೇ ಹೋಗಬೇಕಂತೆ.

ಅಷ್ಟಕ್ಕೇ ಸುಮ್ಮನಾಗಿದ್ದರೆ ಆಕಾಶ ಗೆದ್ದುಬಿಡುತ್ತಿದ್ದನೇನೋ. ಆದರೆ ಗೆಲ್ಲುವ ಹೊತ್ತಿಗೆ ಇನ್ನೊಂದು ಮಾತು ಜಾಸ್ತಿ ಆಡುವುದು ಅವನಂಥವರ ಹುಟ್ಟುಗುಣ.

"ನಮ್ಮ ಎಣ್ಣೆ ಟೇಸ್ಟಿಂಗ್ ರೂಮು ಓಪನಿಂಗ್ ದಿನ ಮಾಡೋಣ ಅದನ್ನ. ಎಲ್ರೂ ಬಂದಿರ್ತಾರೆ, ಪ್ರೆಸ್ಸೂ ಬರುತ್ತೆ. ನೀವೇ ಫಸ್ಟು ಮರಕ್ಕೆ ಬೂದಿ ಹಾಕಿ. ಇಟ್ಸ್ ಸಚ್ ಎ ಬ್ಯೂಟಿಫುಲ್ ಸ್ಟೋರಿ, ಚಿಕ್ಕಮ್ಮ. ವೆಬ್‌ಸೈಟಲ್ಲಿ, ಬಾಟಲ್ ಮೇಲೆ—"

"ಬಾಟ್ಲಿ ಮ್ಯಾಲೆ?"

ಬಾಗಿಲಲ್ಲಿ ನಿಂತವರಲ್ಲಿ ಯಾರೋ ಕೆಮ್ಮಿದರು.

*

ಆಕಾಶ ತೋಟಕ್ಕೆ ಬಂದದ್ದು ಎರಡು ವರ್ಷದ ಹಿಂದೆ. ತೋಟದ ಮಾಲೀಕರು ಜಾಗ ಮಾರುತ್ತೇವೆ ಎಂದಾಗ ಗುರುಶಾಂತಪ್ಪನ ಕಣ್ಣಿಗೆ ಕತ್ತಲೆ ಬಂದಿತ್ತು. ಆಗ ಆಕಾಶನ ಕಂಪನಿಯ ಶೇರು ದಿನದಿನಕ್ಕೂ ಏರುತ್ತಿತ್ತು. ಏನು ಮಾರುವ ಕಂಪನಿ ಎಂದು ಬಂಗಾರೆವ್ವ ಕೇಳಿದರೆ, ಸದ್ಯಕ್ಕೆ ಏನೂ ಮಾರಲ್ಲ ಚಿಕ್ಕಮ್ಮ ಎಂದು ನಕ್ಕಿದ್ದ. ಅವನೇ ಜಾಗ ಕೊಂಡ. "ನೀವು ಹೇಗಿದೀರೋ ಹಾಗೇ ಇರಿ ಕಾಕಾ. ನಾನು ನಿಮ್ಮ ಎಣ್ಣೆನ ಇಂಟರ್‌ನೆಟ್ಟಲ್ಲಿ ಮಾರ್ತೀನಿ, ಅಷ್ಟೇ," ಎಂದಿದ್ದ. ಬಾಟಲಿಗೆ ಹೊಸ ಲೇಬಲ್ಲು ಬಂತು. ಅದರ ಮೇಲೆ ತಲೆಯ ಮೇಲೊಂದು ಗರಿ ಬಾಗಿದ ಲಾವಕ್ಕಿಯ ಚಿತ್ರ. ಗುರುಶಾಂತಪ್ಪ ಆ ಚಿತ್ರವನ್ನು ಎಷ್ಟೋ ಹೊತ್ತು ನೋಡಿ, "ಚಂದ ಬರದಾನ," ಎಂದಿದ್ದ. ಅಷ್ಟು ಸುಲಭಕ್ಕೆ ಕರಗುವ ಮನುಷ್ಯ.

ಆಮೇಲೆ ಆಲಿವ್ ನೊಣ ಬಂತು. ಎಲ್ಲಿಯೋ ದಕ್ಷಿಣದಲ್ಲಿದ್ದ ಹುಳ ಹಾರಿ ಹಾರಿ ಬೇ ಏರಿಯಾಕ್ಕೂ ಬಂದು ಕಾಯಿಯೊಳಗೆ ಮೊಟ್ಟೆ ಇಡತೊಡಗಿತು. ಆಕಾಶ ಸ್ಪ್ರೇ ಮಾಡುವವರನ್ನು ಕರೆದುಕೊಂಡೇ ಬಂದ. ಗುರುಶಾಂತಪ್ಪ ಗೇಟಿಗೆ ಅಡ್ಡ ನಿಂತ.

"ಇಲಿಗೆ ಹೆದರಿ ಮನೀಗೆ ಬೆಂಕಿ ಹಚ್ಚಿದ್ರಂತ, ಹಂಗಾತು ಇದು," ಎಂದ. "ಆ ನೊಣಾ ಸಾಯ್ತಾವ, ಖರೆ. ಅದರ ಕೂಡ ಜೇನೂ ಸಾಯ್ತಾವ. ಹುಳಾ ತಿನ್ನೂ ಹಕ್ಕೀನೂ ಸಾಯ್ತಾವ."

"ಕಾಕಾ, ಕಸ್ಟಮರ್‌ಗೆ ಹುಳ ಇರೋ ಕಾಯಿ ಕೊಡೋಕಾಗುತ್ತಾ?"

"ಕಸ್ಟಮರಿಗೆ ಹಕ್ಕಿ ಚಿತ್ರ ಕೊಟ್ಟೀಯಲ್ಲ? ಹಕ್ಕೀನ ಎಲ್ಲಿಂದ ತರ್ತಿ?"

ಖಾಲಿ ನೀರಿನ ಬಾಟಲಿಗೆ ತೂತು ಕೊರೆದು, ಹುಳಿಬರಿಸಿದ ಈಸ್ಟಿನ ನೀರು ತುಂಬಿ, ಮರಮರಕ್ಕೂ ತೂಗುಹಾಕಿದ. ಉದುರಿದ ಕಾಯನ್ನು ಗಂಡ ಹೆಂಡತಿ ಕೂತು ಆರಿಸಿದರು. ಕೋಳಿ ಬಿಟ್ಟು ಮಣ್ಣಿನೊಳಗಿನ ಹುಳ ಹೆಕ್ಕಿಸಿದರು. ಬೆಳೆ ಅರ್ಧ ಬಂತು. ಅರ್ಧ ಬಂತಲ್ಲ ಎಂದು ಅವನು, ಅರ್ಧ ಹೋಯಿತಲ್ಲ ಎಂದು ಆಕಾಶ. ಈ ವರ್ಷ ಶೇರು ನೆಲಕಚ್ಚಿದ ಮೇಲಂತೂ ಆಕಾಶನ ನಗೆ ಹೋಯಿತು. ಟೇಸ್ಟಿಂಗ್ ರೂಮು ಮಾಡುತ್ತೇನೆ, ಎಣ್ಣೆಯ ರುಚಿ ನೋಡಲು ಜನ ಬರುತ್ತಾರೆ, ಆ ಟೊಂಗೆಗುಡ್ಡೆಗಳು ಕಸದ ಹಾಗೆ ಕಾಣುತ್ತವೆ, ಸುಟ್ಟುಬಿಡಿ ಎಂದು ಶುರುಮಾಡಿದ. ನಾನು ಇರೂತನಕ ಇಲ್ಲ ಎಂದಿದ್ದ ಗುರುಶಾಂತಪ್ಪ.

ಮೂರು ದಿನದ ಹಿಂದೆ, ಶನಿವಾರ ಬೆಳಿಗ್ಗೆ, ಸವರಿದ ಟೊಂಗೆ ಹೊತ್ತು ಗುಡ್ಡೆಗೆ ಹಾಕಲು ಹೋದವನು ಅಲ್ಲೇ ಕುಸಿದ. ಬಂಗಾರೆವ್ವ ಚಹಾ ಹಿಡಿದುಕೊಂಡು ಹೋದಾಗ ಟೊಂಗೆ ಇನ್ನೂ ಹೆಗಲ ಮೇಲೇ ಇತ್ತು.

*

"ಬಾಟ್ಲಿ ಮ್ಯಾಲೆ ಏನಂತ ಬರೀತಿ?" ಬಂಗಾರೆವ್ವ ಎದ್ದು ನಿಂತಿದ್ದಳು. "ನಮ್ಮ ಕಾಕಾನ ಬೂದಿ ಹಾಕಿ ಬೆಳಿಸಿದ್ದು ಅಂತ ಬರೀತಿ? ಸತ್ತ ಮ್ಯಾಲೂ ದುಡಿಸ್ಕೊಬೇಕೇನು ಅವರನ್ನ?"

"ಚಿಕ್ಕಮ್ಮ, ಐ ಡಿಡಂಟ್ ಮೀನ್—"

"ಬೆಂಕಿ ಕಂಡ್ರ ಓಡಿ ಹೋಗಿ ಕೈ ಹಾಕಿದ ಮನಷ್ಯಾರು. ಆ ಕೈ ನೋಡು. ಬಣ್ಣಾ ಬಳದಿದ್ರು, ನಾನ ಒರಿಸೀನಿ. ನೋಡು." ಮಡಚಿದ ಬೆರಳುಗಳನ್ನು ಅವಳೇ ಬಿಡಿಸಿ ತೋರಿಸಿದಳು. "ತ್ವಾಟಕ್ಕ ಹೋಗಲಿಕ್ಕ ಬೂದಿ ಆಗಬೇಕಂದ್ರ ಅವರು ತ್ವಾಟಕ್ಕ ಹೋಗೂದು ಬ್ಯಾಡ. ಎಲ್ಲ್ಯಾರ ಇರ್ಲಿ. ಮಣ್ಣಾಗಿ ಇರ್ಲಿ."

ಗೂಬೆಪೆಟ್ಟಿಗೆಯ ಕೆಳಗಿನ ಜಾಗವನ್ನು ತನ್ನ ಬಾಯಿಂದಲೇ ಬಿಟ್ಟುಕೊಟ್ಟಿದ್ದಳು.

ಮ್ಯಾನೇಜರ ಗಡಿಯಾರ ನೋಡಿದ. ಆಕಾಶ ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಅವಳು ದುಃಖದಲ್ಲಿದ್ದಾಳೆ, ಸ್ವಲ್ಪ ಹೊತ್ತು ಕೊಡಿ, ಸ್ಲಾಟು ಬಿಡಬೇಡಿ ಎಂದ. ಆಗ ಉಮಾಶ್ರೀ ಮುಂದೆ ಬಂದಳು. ಕಣ್ಣು ಒರೆಸಿಕೊಂಡು, ಕ್ಲಾಸಿನಲ್ಲಿ ಗಲಾಟೆ ಮಾಡುವ ಹುಡುಗರ ಎದುರು ನಿಲ್ಲುವಂತೆ ನೆಟ್ಟಗೆ ನಿಂತಳು.

"ಎಕ್ಸ್‌ಕ್ಯೂಸ್ ಮಿ. ಮೈ ಮದರ್ ಈಸ್ ದ ವೈಫ್. ಶಿ ಸೆಡ್ ನೋ. ಸೋ ಇಟ್ಸ್ ನೋ." ಆಮೇಲೆ ಅವ್ವನ ಕಡೆ ತಿರುಗಿ, ತಡವರಿಸುತ್ತ, "ಸಾರಿ ಅವ್ವಾ. ನಂಗೆ ಗೊತ್ತಿರ್ಲಿಲ್ಲ. ನೀವು ಯಾವತ್ತೂ ಹೇಳಿರ್ಲಿಲ್ಲ," ಎಂದಳು.

ಸಾವಿನ ಮಾತನ್ನು ಯಾರು ತಾನೇ ಮಗಳ ಹತ್ತಿರ ಆಡುತ್ತಾರೆ.

ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ ಜಬ್ಬಾರ್ ಟೋಪಿ ಸರಿಮಾಡಿಕೊಂಡು ಹತ್ತಿರ ಬಂದ. ಅವನ ಹೆಂಡತಿ ಶಾಹಿದಾ ಆಗಲೇ ಬಂಗಾರೆವ್ವನ ತೋಳು ಹಿಡಿದಿದ್ದಳು.

"ಅಕ್ಕಾರ, ಒಂದು ಮಾತು ಹೇಳ್ಲೇನ್ರಿ? ತ್ವಾಟದಿಂದ ಕಾಣಸ್ತೈತಲ್ರಿ, ಆಕಡೆ ಗುಡ್ಡದ ಮ್ಯಾಲಿನ ಹಳೇ ಸ್ಮಶಾನ. ಅದರಾಗ ಒಂದು ಮೂಲಿ ನಮ್ಮ ಮಂದೀದು. ಉಳಿದದ್ದು ಎಲ್ಲಾ ಜಾತಿ ಮಂದೀದು. ಅಲ್ಲಿ ಪೆಟ್ಟಿಗಿ ಬೇಕು, ಸಿಮೆಂಟ್ ಬೇಕು ಅನ್ನಂಗಿಲ್ರಿ. ಬಟ್ಟಿ ಸುತ್ತಿ ಸೀದಾ ಮಣ್ಣಿಗೆ. ನಮ್ಮೊಳಗ ಸತ್ತ ದಿನಾನ ಹೂಳ್ತೀವಲ್ಲ, ಕುಣಿ ತೋಡೂ ಮನಷ್ಯಾ ಯಾವಾಗ ಫೋನ್ ಮಾಡಿದ್ರೂ ಬರ್ತಾನ. ಮಾಡ್ಲೇನ್ರಿ?"

"ಮಾಡಪಾ."

ಮುಂದಿನ ಕೆಲಸಗಳು ಮಳೆಗಾಲದ ಹಳ್ಳದಂತೆ ಹರಿದವು. ಮ್ಯಾನೇಜರ ಬೇಸರದಿಂದಲೇ ಕಾಗದ ಬದಲಿಸಿಕೊಟ್ಟ. ವೆಂಕಟೇಶ್ ತಾನು ಮಾಡಿದ್ದನ್ನು ತಾನೇ ರಿಪೇರಿ ಮಾಡುವ ಹಟಕ್ಕೆ ಬಿದ್ದು ಹೂಳುವ ಪರವಾನಗಿ ತರಲು ಕೌಂಟಿ ಆಫೀಸಿಗೆ ಕಾರು ಓಡಿಸಿದ. ಫ್ರೀವೇ ಮೇಲಿದ್ದ ಪುರೋಹಿತರನ್ನು ಅರ್ಧದಾರಿಯಿಂದ ವಾಪಸು ಕಳಿಸಿದರು. ಕುಣಿಯಲ್ಲಿ ಕೂರಿಸಬೇಕು ಎಂದಾಗ ಮಾತ್ರ ಸ್ಮಶಾನದವರು ಒಪ್ಪಲಿಲ್ಲವೆಂದು ಜಬ್ಬಾರ್ ಫೋನು ಕಿವಿಗಿಟ್ಟುಕೊಂಡೇ ಹೇಳಿದ. ಎಲ್ಲರೂ ಬಂಗಾರೆವ್ವನ ಮುಖ ನೋಡಿದರು, ಈಗ ಇನ್ನೊಂದು ಜಗಳ ಎಂದು.

ಅವಳು ಗಂಡನನ್ನು ನೋಡಿದಳು. "ಇದ್ದಾಗ ಎಷ್ಟ ಬಡ್ಕೊಂಡ್ರೂ ಒಂದು ಗಳಿಗಿ ಮಲಗಿದವರಲ್ಲ," ಎಂದಳು. "ಈಗ ಮಲಗ್ಲಿ ಬಿಡು."

*

ಸ್ಮಶಾನದ ಗುಡ್ಡದ ಮೇಲೆ ಏಪ್ರಿಲ್ ಬಿಸಿಲಿತ್ತು, ಗಾಳಿಯಿತ್ತು. ಕಲ್ಲುಗಳ ಸುತ್ತ ಹುಲ್ಲು ಸಾಯಲೆಂದು ಏನೋ ಹೊಡೆದು ಹಳದಿ ಪಟ್ಟಿ ಎಳೆದಿದ್ದರು. ಬಂಗಾರೆವ್ವ ಅದನ್ನೂ ನೋಡಿದಳು, ಹಲ್ಲು ಕಚ್ಚಿದಳು. ಇವರು ಸತ್ತವರ ತಲೆಯ ಮೇಲೂ ಬಿಡರು. ಆದರೆ ಜಬ್ಬಾರ್ ತೋರಿಸಿದ ಕುಣಿ ಅಂಚಿನಲ್ಲಿತ್ತು, ಬೇಲಿಯ ಹತ್ತಿರ. ಅಲ್ಲಿಗೆ ಆ ಪಟ್ಟಿ ಇನ್ನೂ ಬಂದಿರಲಿಲ್ಲ. ಕುಣಿಯ ತಳದಲ್ಲಿ ಒಂದು ಬದಿಗೆ ಗೂಡು ಕೊರೆದಿದ್ದರು.

"ನಮ್ಮ ಪದ್ಧತಿ ಹಿಂಗ್ರಿ ಅಕ್ಕಾರ. ಬಾಜೂಕ ಗೂಡು ಮಾಡಿ ಅದರಾಗ ಇಡ್ತೀವಿ. ನಡಿತೈತಿಲ್ರಿ?"

ಬಂಗಾರೆವ್ವ ಬಗ್ಗಿ ನೋಡಿದಳು. ಗದಗಿನ ಕಡೆ ಅವಳ ತವರಿನ ಹೊಲದಲ್ಲಿ ಅಪ್ಪನಿಗೂ ಹೀಗೇ ಬದಿಗೆ ಗೂಡು ಕೊರೆದಿದ್ದರು. "ನಮ್ಮದೂ ಹಿಂಗಪಾ," ಎಂದಳು. ಅವತ್ತು ಮೊದಲ ಸಲ ಅವಳಿಗೆ ಅಳು ಬಂತು. ತಡೆಯದೆ ಅತ್ತಳು.

ಸ್ವಾಮಿಗಳಿರಲಿಲ್ಲ, ಬಿಲ್ವಪತ್ರೆಯೂ ಇರಲಿಲ್ಲ. ಹಣೆಗೆ, ತೋಳಿಗೆ ವಿಭೂತಿಯನ್ನು ಅವಳೇ ಹಚ್ಚಿದಳು. ಎಡಗೈಯೊಳಗಿನ ಲಿಂಗ ಜಾರದಂತೆ ಬಟ್ಟೆ ಕಟ್ಟಿದಳು. ಉಮಾಶ್ರೀ ದಾರಿಯಲ್ಲಿ ತೋಟಕ್ಕೆ ಹೋಗಿ ಒಂದು ಹಿಡಿ ಆಲಿವ್ ಸೊಪ್ಪು ಕಿತ್ತು ತಂದಿದ್ದಳು, ಪತ್ರೆಯ ಬದಲಿಗೆ. ಬಂಗಾರೆವ್ವ ಓಂ ನಮಃ ಶಿವಾಯ ಎಂದಳು. ಬಂದವರೆಲ್ಲ ಎಂದರು. ಜಬ್ಬಾರ್, ಶಾಹಿದಾ ಪಕ್ಕದಲ್ಲಿ ನಿಂತು ಕೈಯೊಡ್ಡಿ ತಮ್ಮ ದುವಾ ಮಾಡಿದರು. ಆಮೇಲೆ ಮಣ್ಣಿಗೆ ಬಂದವರೆಲ್ಲ ಒಬ್ಬೊಬ್ಬರೇ ಮೂರು ಹಿಡಿ ಮಣ್ಣು ಹಾಕಿದರು. ಆಫೀಸಿನಿಂದ ನೇರ ಬಂದವರು ಟೈ ಭುಜದ ಮೇಲೆ ಎಸೆದುಕೊಂಡು ಬಗ್ಗಿದರು. ಆಕಾಶ ಮಾತ್ರ ಮಣ್ಣು ಹಾಕದೆ ದೂರದಲ್ಲಿ, ತನ್ನ ಕಾರಿನ ಬಳಿ, ಫೋನಿನಲ್ಲಿದ್ದ.

ಸಲಿಕೆಯವರು ಕುಣಿ ಮುಚ್ಚಿ ಮುಗಿಸಿದ್ದರು. ಕೈತೊಳೆಯಲು ಎದ್ದ ಬಂಗಾರೆವ್ವ ಎದುರಿನ ಗುಡ್ಡದ ಕಡೆ ನೋಡಿದಳು. ತೋಟದಿಂದ ಈ ಸ್ಮಶಾನ ಕಾಣುತ್ತದೆ ಎಂದಿದ್ದನಲ್ಲ ಜಬ್ಬಾರ್. ಬೂದುಹಸಿರು ಮರಗಳ ನಡುವಿನಿಂದ ಒಂದು ಬಿಳಿ ಗೆರೆ ಮೇಲೇಳುತ್ತಿತ್ತು. ಮೊದಲು ಮಂಜು ಎಂದುಕೊಂಡಳು. ಆ ಹೊತ್ತಿನಲ್ಲಿ ಎಲ್ಲಿಯ ಮಂಜು.

"ಹೊಗಿ," ಎಂದಳು.

ಆಕಾಶ ಫೋನು ಕೆಳಗಿಳಿಸಿ ಅತ್ತ ನೋಡಿದ. ಅವನ ಮುಖದಲ್ಲೇ ಉತ್ತರವಿತ್ತು. ಬೆಳಿಗ್ಗೆ, ಹೆಣದ ಪಕ್ಕದಲ್ಲಿ ನಿಂತು, ಇವತ್ತೇ ಮುಗಿಸಿ ಎಂದು ಹೇಳಿದ್ದು ಯಾವ ಆಫೀಸಿಗೂ ಅಲ್ಲ.

"ಸುಡೋಕೆ ಪರ್ಮಿಶನ್ ಇರೋ ದಿನ ಇವತ್ತು ಅಂತ ಕ್ರ್ಯೂ ಅವ್ರು ಕಾಲ್ ಮಾಡಿದ್ರು," ಎಂದ. "ಓಪನಿಂಗ್ ಹತ್ರ ಬಂತು... ನಾನು ಇವತ್ತು ಬೇಕೂಂತ..."

ಬಂಗಾರೆವ್ವ ಕೈ ತೊಳೆಯಲಿಲ್ಲ. ಮಣ್ಣುಗೈಯಲ್ಲೇ ಜಬ್ಬಾರನ ವ್ಯಾನು ಹತ್ತಿದಳು. ಉಮಾಶ್ರೀ ಹತ್ತಿದಳು. ಹಿಂದೆ ಒಂದರ ಹಿಂದೊಂದು ಕಾರುಗಳು ಹೊರಟವು.

*

ಒಂದು ಗುಡ್ಡೆ ಆಗಲೇ ಬೂದಿಯಾಗಿತ್ತು. ಎರಡನೆಯದಕ್ಕೆ ಒಂದು ಬದಿಯಿಂದ ಉರಿ ಹತ್ತಿತ್ತು, ಹಸಿ ಎಲೆ ಚಟಚಟ ಸಿಡಿಯುತ್ತಿತ್ತು. ಗುರುಶಾಂತಪ್ಪ ಶನಿವಾರ ಹಾಕುತ್ತಿದ್ದ ಗುಡ್ಡೆ ಅದು. ಪೈಪು ಹಿಡಿದು ನಿಂತಿದ್ದ, ತೋಟಕ್ಕೆ ಕೂಲಿಗೆ ಬರುವ ಮೆಕ್ಸಿಕನ್ ಆಳುಗಳ ಮೇಸ್ತ್ರಿ, ಕಾರುಗಳಿಂದ ಇಳಿದು ಓಡಿಬರುತ್ತಿರುವ ಕೋಟು ಸೀರೆಗಳ ಜನವನ್ನು ನೋಡಿ ಟೋಪಿ ತೆಗೆದ. ಬಾಸ್ ಹೇಳಿದ್ದು, ಎಂದ ಉಮಾಶ್ರೀಗೆ. ಸೆನ್ಯೋರ್ ಶಾಂತಪ್ಪ ಇರುವಾಗ ನಾವು ಯಾವತ್ತೂ ಸುಟ್ಟಿಲ್ಲ, ಎಂದ.

ನೀರು ಬಿಡು ಎಂದು ಅವನಿಗೆ ಉಮಾಶ್ರೀ ಕೂಗುವ ಮೊದಲೇ ಬಂಗಾರೆವ್ವ ಬಗ್ಗಿದ್ದಳು. ಹುಲ್ಲಿನ ಬುಡದಿಂದ ಎರಡೂ ಕೈಯಲ್ಲಿ ಮಣ್ಣು ಬಾಚಿ ಉರಿಯ ಮೇಲೆ ಎಸೆದಳು. ಕಪ್ಪು ಮಣ್ಣು, ಹದಿನೈದು ವರ್ಷ ಕೊಳೆತ ಟೊಂಗೆ, ಎಲೆ, ಕುರಿಹಿಕ್ಕೆಯ ಮಣ್ಣು. ಮತ್ತೆ ಬಾಚಿದಳು, ಮತ್ತೆ ಎಸೆದಳು. ಜಬ್ಬಾರ್ ಸಲಿಕೆ ಹುಡುಕಿ ಓಡಿದ. ಶಾಹಿದಾ ಬುರ್ಖಾದ ತೋಳು ಮಡಚಿದಳು. ಕೌಂಟಿ ಆಫೀಸಿನಿಂದ ಪರವಾನಗಿ ತಂದಿದ್ದ ವೆಂಕಟೇಶ್ ಒಂದು ಗಳಿಗೆ ತನ್ನ ಬಿಳಿ ಅಂಗಿ ನೋಡಿಕೊಂಡ, ಆಮೇಲೆ ಮೊಣಕಾಲೂರಿದ. ಇದೇ ಹುಲ್ಲಿಗೆ ಔಷಧಿ ಹೊಡೆಸಿ ಎಂದವರು ಇದೇ ಹುಲ್ಲನ್ನು ಕಿತ್ತು ಕೆಳಗಿನ ಮಣ್ಣು ತೋಡಿ ಹಾಕುತ್ತಿದ್ದರು. ಅರ್ಧ ಗಂಟೆಯ ಹಿಂದೆ ಕುಣಿಯ ಅಂಚಿನಲ್ಲಿ ಬಗ್ಗಿದ ಹಾಗೇ ಬಗ್ಗಿ, ಅದೇ ಕೈಗಳು.

ಮೇಸ್ತ್ರಿಯ ಪೈಪಿನಿಂದ ನೀರು ಬಂತು. ಉರಿ ಸೊರಗಿ ಹೊಗೆ ದಟ್ಟವಾಯಿತು. ಗುಡ್ಡೆಯ ಆಚೆ ಬದಿಯಿಂದ ಒಂದು ಲಾವಕ್ಕಿ ಹೊರಗೆ ಬಂದು, ಹಾರದೆ, ತಲೆಯ ಮೇಲಿನ ಗರಿ ಅಲ್ಲಾಡಿಸುತ್ತ ಹುಲ್ಲಿನೊಳಗೆ ಓಡಿತು. ಬಾಟಲಿಯ ಮೇಲಿನದಕ್ಕಿಂತ ಚಿಕ್ಕದು, ಬಣ್ಣವೂ ಮಾಸಲು.

ಆಕಾಶ ಸಾಲಿನ ತುದಿಯಲ್ಲಿ ನಿಂತಿದ್ದ. ಹೊಳೆಯುವ ಶೂ, ಕೈಯಲ್ಲಿ ಫೋನು. ಫೋನಿನೊಳಗಿಂದ ಯಾರೋ ಹಲೋ, ಹಲೋ ಎನ್ನುತ್ತಿದ್ದರು.

ಬಂಗಾರೆವ್ವ ಅವನ ಎದುರಿಗೆ ಬಂದು ನಿಂತಳು. ಏದುಸಿರು ಬಿಡುತ್ತಿದ್ದಳು, ಸೆರಗಿನ ಅಂಚು ಸುಟ್ಟಿತ್ತು, ಅದರ ತುದಿಯಲ್ಲಿ ಬೆಳಗಿನ ಕೆಂಪು ಬಣ್ಣ ಇನ್ನೂ ಇತ್ತು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಖಾಲಿಯಿದ್ದ ಎಡಗೈ ಹಿಡಿದು ಅಂಗಾತ ತಿರುಗಿಸಿದಳು. ನುಣ್ಣನೆಯ ಅಂಗೈ. ಅದರ ತುಂಬ ಮಣ್ಣು ಹಾಕಿದಳು.

"ಮಣ್ಣಿಗೆ ಬಂದಾವ ಮಣ್ಣು ಹಾಕದ ಹೋಗಬಾರದು," ಎಂದಳು. "ಹಾಕು."